ಹಿತ್ತಿಲ ಗೋಡೆಯೂ ನನ್ನ ಎರಡು ಬಕೆಟ್ಟೂ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಅರಸೀಕೆರೆಯ ನಮ್ಮ ಮನೆಯ ಹಿತ್ತಿಲು. ಹಾಜರಿದ್ದವರು: ನಾನು, ತಂಗಿ ಸರೋಜ, ಕಣಕಟ್ಟೆಯ ಬಡಗಿ ಮಲ್ಲೇಶ, ಅವನ ಇಬ್ಬರು ಆಳುಗಳು. ಗೈರುಹಾಜರು: ಸಮಯಪಾಲನೆ. (ಮಲ್ಲೇಶ ಆರೂವರೆಗೆ ಬರುತ್ತೇನೆ ಎಂದಿದ್ದ.)

ಹಾಸ್ಟೆಲ್ ವಾರ್ಡನ್ ಆಗಿದ್ದವಳು ಅರ್ಧ ಗಂಟೆ ತಡವನ್ನು ಸಹಿಸುತ್ತಾಳೆಯೇ? ಅಂದು ಸಹಿಸಿದೆ. ಕೆಲಸ ಅಷ್ಟು ತುರ್ತಿನದು.

ಸರೋಜಳ ಮಗಳು ವೀಣಾ ಬುಧವಾರ ಹೆರಿಗೆಗೆ ಬರುತ್ತಿದ್ದಾಳೆ. ನಮ್ಮಲ್ಲಿ ಬಾಣಂತನ ಎಂದರೆ ಹಿಂದಿನ ಕೋಣೆ. ಬಚ್ಚಲು ಹತ್ತಿರ, ಬಾಗಿಲು ತೆರೆದರೆ ಬಿಸಿಲು. ವೀಣಾ ಹುಟ್ಟಿದಾಗ ಸರೋಜ ಮಲಗಿದ್ದೂ ಅಲ್ಲೇ. ಆದರೆ ಈಗ ಅದರ ಗೋಡೆ ಮೊಣಕಾಲೆತ್ತರಕ್ಕೆ ಒದ್ದೆ. ಬಣ್ಣ ಬಳಿದರೆ ಹಪ್ಪಳದಂತೆ ಏಳುತ್ತದೆ. ಹಸುಗೂಸನ್ನು ಅಂಥ ಕಡೆ ಮಲಗಿಸುವುದುಂಟೇ?

ಕಾರಣ ನನಗೆ ಗೊತ್ತಿತ್ತು: ಪಕ್ಕದ ಮನೆಯ ಬಚ್ಚಲು. (ಅವರು ಪೈಪು ಅಗೆಸಿ, ಸೋರುತ್ತಿಲ್ಲ ಎಂದು ತೋರಿಸಿದ್ದರು. ನಾನು ಒಪ್ಪಿರಲಿಲ್ಲ.)

ನನ್ನ ಪ್ಲಾನ್ ಇಷ್ಟು. ಹಿತ್ತಿಲ ಕಲ್ಲುಚಪ್ಪಡಿ ತೆಗೆದು ಮರದ ಡೆಕ್ (ಹಲಗೆ ಹಾಸಿನ ಜಗಲಿ) ಹಾಕಿಸುವುದು. ಹಳೆಯ ತೆಂಗಿನ ಮರದ ಹಲಗೆ, ಮಲ್ಲೇಶನೇ ಕೊಯ್ಯಿಸಿ ಒಣಗಿಸಿದ್ದು. ಮಗುವನ್ನು ಎಳೆಬಿಸಿಲಿಗೆ ಹಿಡಿದು ಕೂರಬಹುದು. ಹಲಗೆ ಹೊಸ್ತಿಲಿನ ಮಟ್ಟಕ್ಕೇ ಇರಬೇಕು. ಗೋಡೆಗೆ ಬಿಗಿಯಾಗಿ ಕೂರಬೇಕು. ಸಂದಿ ಬಿಟ್ಟರೆ ಚೇಳು ಸೇರುತ್ತದೆ. ಎಲ್ಲ ನಂಬರ್ ಹಾಕಿ ಚೀಟಿಯಲ್ಲಿ ಬರೆದುಕೊಟ್ಟೆ.

ಮಲ್ಲೇಶ ಚೀಟಿ ಓದಿ ಜೇಬಿಗಿಟ್ಟ. “ಮೊದ್ಲು ಕಲ್ಲು ಏಳ್ಲಿ, ಅಮ್ಮೋರೆ.”

ಕಲ್ಲು ಎದ್ದಿತು. ಕೆಳಗೆ ಸಿಮೆಂಟು! ಅದರ ಕೆಳಗೆ ಅಪ್ಪ ಹಾಕಿಸಿದ್ದ ಹಳೆಯ ಕಲ್ಲು! ನಮ್ಮಲ್ಲಿ ಹಳೆಯದನ್ನು ಕಿತ್ತು ಹೊಸದು ಹಾಕುವವರು ಯಾರು? ಮನೆಯಲ್ಲಿ ಮದುವೆ ಬಂತೆಂದರೆ ಇದ್ದುದರ ಮೇಲೇ ಇನ್ನೊಂದು ಪದರ. ಸರೋಜಳ ಮದುವೆಗೆ ಸಿಮೆಂಟು, ವೀಣಾಳ ಮದುವೆಗೆ ಚಪ್ಪಡಿ.

ಅಪ್ಪನ ಕಲ್ಲು ಮೀಟಿದಾಗ ಅಡಿಯಿಂದ ಚೇಳೊಂದು ಹೊರಟಿತು.

“ನೋಡಿ ಅಮ್ಮೋರೆ, ಬಿಗಿಯಾಗಿರೋ ಕಡೇನೇ ಸಂಸಾರ ಹೂಡೈತೆ!”

ಗೋಡೆಯ ಬುಡ ಬಿಡಿಸಿ ಮತ್ತೆ ಕರೆದ. ತಳಪಾಯದ ಕಲ್ಲಿನ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆ. ಟಾರು. “ನಿಮ್ಮಪ್ಪಾರು ಹಾಕ್ಸಿದ್ದು. ನೆಲದ ಪಸೆ ಇದನ್ನ ದಾಟಿ ಹತ್ತಲ್ಲ. ನೀವು ನೆಲಾನೇ ಇದರ ಮೇಲಕ್ಕೆ ತಂದು ಕೂರ್ಸಿದೀರ. ಪಸೆಗೆ ಹತ್ತೋ ಕಷ್ಟಾನೂ ತಪ್ಪಿಸಿದೀರ.”

“ಪಸೆ ಬಂದಿದ್ದು ಪಕ್ಕದ ಬಚ್ಚಲಿಂದ ತಾನೆ?”

“ಆ ಕಡೆ ಮಣ್ಣು ಒಣಗಿ ಪುಡಿಪುಡಿ ಐತೆ. ಮಳೆ ಹೋಗಿ ಮೂರು ತಿಂಗಳಾತು. ಇಲ್ಲಿ ದಿನಾ ನೀರು ಬೀಳ್ತೈತೆ ಕಣಮ್ಮೋರೆ. ಚಪ್ಪಡೀನೂ ಗೋಡೆ ಕಡೇಗೇ ಇಳಿಜಾರು.”

ಸರೋಜ ನನ್ನನ್ನು ನೋಡಿದಳು. ನಾನು ಮೂಲೆಯಲ್ಲಿದ್ದ ಬಕೆಟ್‌ಗಳನ್ನು ನೋಡಿದೆ.

ನಿವೃತ್ತಿಯಾದ ಮರುದಿನದಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಎರಡು ಬಕೆಟ್ ನೀರು ಹೊಯ್ದು ಹಿತ್ತಿಲು ತೊಳೆಯುವುದು ನನ್ನ ನಿಯಮ. ಒಂದು ದಿನವೂ ತಪ್ಪಿಲ್ಲ. (ಜ್ವರ ಬಂದಾಗ ಸರೋಜಳ ಕೈಯಲ್ಲಿ ಹೊಯ್ಯಿಸಿದ್ದೆ.)

“ನಡುವೆ ಒಂದಿನಾದ್ರೂ ಸೋಮಾರಿತನ ಬರಬಾರ್ದಿತ್ತೇನೇ ಅಕ್ಕ ನಿಂಗೆ?” ಎಂದಳು ಅವಳು.

ಚೀಟಿ ವಾಪಸ್ ಪಡೆದು ತಿದ್ದಿದೆ. ಡೆಕ್ ಕಪ್ಪು ಪಟ್ಟೆಗಿಂತ ಅರ್ಧ ಅಡಿ ಕೆಳಗೆ. ಬಾಣಂತಿ ಇಳಿಯಲು ಒಂದು ಅಗಲವಾದ ಮೆಟ್ಟಿಲು. ಗೋಡೆಗೂ ಹಲಗೆಗೂ ಎರಡು ಬೆರಳು ಸಂದಿ. ಚೌಕಟ್ಟಿಗೆ ಗೋಡೆಯ ಆಸರೆ ಬೇಡ, ತನ್ನದೇ ಕಲ್ಲುಗಳ ಮೇಲೆ ನಿಲ್ಲಲಿ, ಅಡಿಯಲ್ಲಿ ಗಾಳಿಯಾಡಲಿ. ನೆಲದ ಇಳಿಜಾರು ಗೋಡೆಯಿಂದ ಆಚೆಗೆ, ಅದರ ಮೇಲೆ ಜಲ್ಲಿ.

(ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಕಾಫಿ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.)

ಸಂಜೆಯ ಹೊತ್ತಿಗೆ ನೆಲ ಇಳಿದು ಕಪ್ಪು ಪಟ್ಟೆ ಬಿಸಿಲು ಕಂಡಿತು. “ಬುಧವಾರಕ್ಕೆ ಗೋಡೆ ಒಣಗುತ್ತಾ?” ಎಂದು ಕೇಳಿದೆ.

“ಡೆಕ್ಕು ರೆಡಿ ಮಾಡ್ಕೊಡ್ತೀನಿ. ಗೋಡೆಗೆ ಬೇಸಿಗೆ ಪೂರ್ತಿ ಬೇಕು. ಬೆಲ್ ಹೊಡೆದ್ರೆ ಒಣಗಲ್ಲ, ವಾರ್ಡನಮ್ಮೋರೆ!”

ಮನೆಯಲ್ಲಿ ಪಸೆಯಿಲ್ಲದ ಕೋಣೆ ಒಂದೇ. ಅದು ನನ್ನದು. ಪುಸ್ತಕಗಳು ಎತ್ತರದ ಪ್ರಕಾರ, ಸೀರೆಗಳು ಬಣ್ಣದ ಪ್ರಕಾರ, ರಾತ್ರಿ ಒಂಬತ್ತಕ್ಕೆ ಲೈಟ್ ಆಫ್. ಸರೋಜ ಬಾಗಿಲ ಹತ್ತಿರ ನಿಂತು ನನ್ನ ಮಂಚವನ್ನೇ ನೋಡುತ್ತಿದ್ದಳು.

“ನಿಂತೇ ಇರ್ತೀಯೇನೇ? ಮಂಚದ ಆ ಕಡೆ ಹಿಡ್ಕೋ,” ಎಂದೆ.

ಸಂಜೆ ಆರೂ ಕಾಲಿಗೆ ದಿನದ ಕೊನೆಯ ಕೆಲಸ ಮುಗಿಯಿತು: ನನ್ನ ಮಂಚ ಹಾಲ್‌ಗೆ, ಅಟ್ಟದ ತೊಟ್ಟಿಲು ನನ್ನ ಕೋಣೆಗೆ.

ಹಾಸ್ಟೆಲ್ ತುಂಬ ಹುಡುಗಿಯರನ್ನು ಬೆಲ್ ಹೊಡೆದು ಎಬ್ಬಿಸಿದವಳು ನಾನು. ಇನ್ನು ಬರುವವರು ನನ್ನನ್ನು ಎಷ್ಟು ಗಂಟೆಗೆ ಎಬ್ಬಿಸುತ್ತಾರೋ?