ಬಲಭುಜದ ಮೇಲಿನ ಕೈ

ಬೀದಿಯವರಿಗೆಲ್ಲ ಅವಳು ಕಾಜದಕ್ಕ. ಗಂಡ ಅಂಗಿ ಕತ್ತರಿಸಿ ಹೊಲಿಯುತ್ತಿದ್ದ; ಗುಂಡಿ ತೂರಿಸುವ ಕಾಜ ಹಾಕುವುದು ಇವಳ ಪಾಲು. ಗಂಡನಿಗೆ ಮಾತು ಕಡಿಮೆ. ಹೊಲಿಗೆ ತಪ್ಪಿದರೆ ಹಿಂದಿನಿಂದ ಬಂದು ಅವಳ ಬಲಭುಜದ ಮೇಲೆ ಕೈಯಿಡುತ್ತಿದ್ದ. ಬಿಚ್ಚಿ ಮತ್ತೆ ಹಾಕುವವರೆಗೆ ಆ ಕೈ ಕದಲುತ್ತಿರಲಿಲ್ಲ. ಸರಿಯಾದರೆ ಎತ್ತಿಕೊಳ್ಳುತ್ತಿದ್ದ. ಹೊಗಳಿಕೆ ಅಂದರೆ ಅಷ್ಟೇ. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಅವನು ತೀರಿಹೋಗಿ ಈಗ ಆರು ವರ್ಷ.

ಎಡಗಡೆಯ ಕಿಬ್ಬೊಟ್ಟೆ ನೋವು, ಜ್ವರ ಮೂರನೆಯ ಸಲ ಬಂದಾಗ ಮಗಳು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ನಿಮ್ಮ ದೊಡ್ಡಕರುಳಿನ ಗೋಡೆ ಅಲ್ಲಲ್ಲಿ ಉಬ್ಬಿ ಸಣ್ಣ ಚೀಲಗಳಾಗಿವೆ. ಅವು ಪದೇ ಪದೇ ಊದ್ಕೊಳ್ತಿವೆ" ಎಂದರು ಡಾಕ್ಟರಮ್ಮ.

"ಜೇಬಿನ ಹಾಗಾ?"

"ಹಾಗೇ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡ್ತಾ ಗೇಣುದ್ದ ಕರುಳು ತೆಗೆದು ತುದಿ ಸೇರಿಸ್ತೀವಿ."

"ಸೇರಿಸಿದ್ದು ಬಿಟ್ಕೊಂಡ್ರೆ?"

"ಅಪರೂಪ. ಆದ್ರೆ ಜೀವಕ್ಕೆ ಕುತ್ತು."

ಕಾಜದಕ್ಕ ಆ ಒಂದು ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆಪರೇಷನ್ನಿನ ಮರುದಿನ ನರ್ಸ್ ಅವಳನ್ನು ಎತ್ತಿ ಕೂರಿಸಿದಳು. ಕೂತ ಕೂಡಲೇ ಬಲಭುಜದ ಮೇಲೆ ಕೈ ಬಿತ್ತು. ಅದೇ ಭಾರ. ಹೆಬ್ಬೆರಳು ಕತ್ತಿನ ಬುಡಕ್ಕೆ. ತಿರುಗಿ ನೋಡಿದರೆ ಬರೀ ಗೋಡೆ. ಮಲಗಿದಳು, ಕೈ ಹೋಯಿತು. ಎದ್ದು ಕೂತಳು, ಮತ್ತೆ ಬಂತು.

ಅವಳು ನರ್ಸಿನ ತೋಳು ಹಿಡಿದಳು. "ಸಿಸ್ಟರ್, ಭುಜದ ಮೇಲೆ ನಮ್ಮ ಯಜಮಾನ್ರ ಕೈ ಬಿದ್ದಿದೆ. ಒಳಗಿನ ಹೊಲಿಗೆ ತಪ್ಪಿದೆ. ಬಿಚ್ಚಿ ಹಾಕಿಸಿ."

"ಅಮ್ಮಾ, ಅದು ಗಾಳಿ! ಆಪರೇಷನ್ನಿಗೆ ಅಂತ ಹೊಟ್ಟೆಗೆ ಗ್ಯಾಸ್ ತುಂಬಿರ್ತಾರೆ. ಉಳಿದಿದ್ದು ಭುಜದಲ್ಲಿ ನೋವಾಗಿ ಕಾಣ್ಸತ್ತೆ. ಓಡಾಡಿದ್ರೆ ಹೋಗತ್ತೆ."

"ಹೊಟ್ಟೇಲಿ ಇರಬೇಕಾದ್ದು ಭುಜಕ್ಕೆ ಬಂತಾ? ಮೇಲಿನ ಮನೇಲಿ ಬಾಡಿಗೆ ಕಡಿಮೆನಾ?"

ನರ್ಸ್ ನಕ್ಕಳು. ಕಾಜದಕ್ಕ ನಗಲಿಲ್ಲ, ಮಂಚ ಬಿಟ್ಟು ಇಳಿಯಲೂ ಇಲ್ಲ. ನಡೆದರೆ ಹೊಲಿಗೆ ಕಿತ್ತು ಬರುತ್ತದೆಂದು ಅವಳಿಗೆ ಖಾತ್ರಿ. ಆ ಕೈ ಒಂದು ದಿನವೂ ಸುಳ್ಳು ಹೇಳಿದ್ದಿಲ್ಲ.

ಎರಡನೆಯ ದಿನ ಡಾಕ್ಟರಮ್ಮ ಬಂದು ಹೊಟ್ಟೆ ಅದುಮಿ ನೋಡಿದರು. "ಜ್ವರ ಇಲ್ಲ, ಹೊಟ್ಟೆ ಮೆತ್ತಗಿದೆ. ನನ್ನ ಹೊಲಿಗೆ ಸರಿಯಾಗಿದೆ. ಹೀಗೇ ಮಲಗಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಏಳಿ."

ಮಗಳು ಅತ್ತಳು. "ಅಪ್ಪನ ಮಾತು ಕೇಳಿದ್ದು ಸಾಕು, ಒಂದ್ಸಲ ನನ್ನ ಮಾತು ಕೇಳು."

ಕಾಜದಕ್ಕ ಎದ್ದಳು. ಮಗಳ ತೋಳು ಹಿಡಿದು ಹಜಾರದಲ್ಲಿ ಹೆಜ್ಜೆ ಎಣಿಸುತ್ತ ನಡೆದಳು. ಕೈ ಜೊತೆಯಲ್ಲೇ ಬಂತು. ತಿರುವಿನಲ್ಲಿ ಮಗಳು ಅವಳ ಭುಜ ಕೊಡವಿದಳು.

"ಇದೇನಮ್ಮ, ಬಳಪದ ಪುಡಿ? ಗೋಡೆಗೆ ಒರಗಿದ್ಯಾ?"

ಗಂಡ ಬಟ್ಟೆಗೆ ಗುರುತು ಹಾಕುತ್ತಿದ್ದ ನೀಲಿ ಬಳಪದ ಬಣ್ಣ. ಗೋಡೆಯೂ ನೀಲಿಯೇ. ಕಾಜದಕ್ಕ ಮುಂದಿನ ಹೆಜ್ಜೆ ಎಣಿಸಿದಳು.

ಮೂರನೆಯ ಬೆಳಗ್ಗೆ, ಕಿಟಕಿಯವರೆಗೆ ನಡೆದಾಗ ಹೂಸು ಬಂತು. "ಕರುಳು ಕೆಲಸಕ್ಕೆ ಹತ್ತಿತು!" ಎಂದು ನರ್ಸ್ ಚಪ್ಪಾಳೆ ತಟ್ಟಿದಳು. ಅದೇ ಗಳಿಗೆಗೆ ಭುಜದ ಮೇಲಿನ ಕೈ ಎದ್ದುಹೋಯಿತು.

ಹೊಲಿಗೆ ಒಪ್ಪಿಗೆಯಾಗಿತ್ತು. ಉಳಿದೆ ಎಂದುಕೊಂಡಳು. ಆದರೆ ಬೆನ್ನ ಹಿಂದೆ ಬಾವಿಯಂಥ ಖಾಲಿ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಹಳೆಯ ಅಂಗಿ ಎತ್ತಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ಕೂತಳು. ಬೇಕೆಂದೇ ಒಂದು ಕಾಜವನ್ನು ಸೊಟ್ಟಗೆ ಹಾಕಿದಳು.

ಸೂಜಿ ಕೆಳಗಿಟ್ಟು ಕಾದಳು.