ಅಮ್ಮನ ಏಳನೇ ತರಗತಿ

ಕನ್ಯಾನದ ನಮ್ಮ ಮನೆ ಕರ್ನಾಟಕದ ಗಡಿಯಂಚಿನಲ್ಲಿ. ಅಲ್ಲಿಂದ ಕರ್ನಾಟಕದ ಶಾಲೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಕೇರಳದ ಶಾಲೆಗಾದರೆ ತೋಡಿನ ಮೇಲಿನ ಸಂಕ, ಎರಡು ಅಡಿಕೆ ಮರದ ಕಾಲುಸೇತುವೆ, ದಾಟಿದರೆ ಸಾಕು. ಅಲ್ಲಿಯೂ ಕನ್ನಡವೇ, ಮೇಷ್ಟ್ರುಗಳೂ ನಮ್ಮ ಕಡೆಯವರೇ, ಮಧ್ಯಾಹ್ನದ ಊಟ ಮಾತ್ರ ಸ್ವಲ್ಪ ಹೆಚ್ಚು ರುಚಿ. ನಮ್ಮ ಮನೆಯ ಕೋಳಿ ಕೂಡ ಕೇರಳಕ್ಕೆ ಹೋಗಿ ಮೊಟ್ಟೆಯಿಟ್ಟು ಸಂಜೆ ಹಿಂದೆ ಬರುತ್ತಿತ್ತು. ಅಪ್ಪ ಓದಿದ್ದು ಆ ಶಾಲೆಯಲ್ಲಿ, ನಾನು ಹತ್ತನೇ ತರಗತಿಯವರೆಗೆ ಓದಿದ್ದೂ ಅಲ್ಲಿಯೇ. ರಾಜ್ಯದ ಗಡಿ ದಾಟಿದ್ದು ಮುಂದೊಂದು ದಿನ ಲೆಕ್ಕಕ್ಕೆ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ.

ಪಿಯುಸಿಗೆ ಮೂಡುಬಿದಿರೆಗೆ ಹೋದೆ. ಡಾಕ್ಟರಾಗಲು ಏನು ಬೇಕು ಎಂದು ಆಗ ಯಾರಾದರೂ ಕೇಳಿದ್ದರೆ ಎರಡೇ ಹೇಳುತ್ತಿದ್ದೆ. ನೀಟ್ ಪರೀಕ್ಷೆ ಬರೆಯಬೇಕು, ಒಳ್ಳೆಯ ರ್‍ಯಾಂಕ್ ಬರಬೇಕು. ಎರಡು ವರ್ಷ ಹಾಸ್ಟೆಲಿನಲ್ಲಿ ಬೇರೆ ಯಾವುದಕ್ಕೂ ತಲೆ ಕೊಡದೆ ಓದಿದೆ. ರ್‍ಯಾಂಕ್ ಬಂತು. ಇಡೀ ದೇಶದ ಪಟ್ಟಿಯಲ್ಲಿ ಸೀಟು ಸಿಗುವಷ್ಟು ಅಲ್ಲ, ಆದರೆ ನಮ್ಮ ರಾಜ್ಯದ ಪಾಲಿನಲ್ಲಿ ಒಂದು ಸರಕಾರಿ ಕಾಲೇಜು ಸಿಗುವುದು ಖಂಡಿತ ಎಂದು ಕಾಲೇಜಿನವರೆಲ್ಲ ಹೇಳಿದರು. ಹಣ ಕೊಟ್ಟು ಸೇರುವುದು ನಮ್ಮಂಥವರ ಮಾತಲ್ಲ. ಆದ್ದರಿಂದ ಇದ್ದದ್ದು ಅದೊಂದೇ ಬಾಗಿಲು.

ಸೀಟಿನ ಕೆಲಸ ಮುಗಿಯುವವರೆಗೆ ಹಾಸ್ಟೆಲಿನಲ್ಲೇ ಉಳಿದಿದ್ದೆ. ದಾಖಲೆ ಪರಿಶೀಲನೆಗೆ ಒಂದು ವಾರ ಇರುವಾಗ ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ನನ್ನ ಕಾಗದಗಳನ್ನು ನೋಡಲು ಕುಳಿತರು. ಪ್ರತಿ ವರ್ಷ ಮಕ್ಕಳ ಕಾಗದ ಜೋಡಿಸಿಕೊಡುವುದು ಅವರೇ. ಅಂಕಪಟ್ಟಿ ತಿರುಗಿಸುತ್ತಿದ್ದವರು ನಿಲ್ಲಿಸಿದರು.

"ನೀನು ಒಂದರಿಂದ ಹತ್ತು ಕೇರಳದಲ್ಲಿ ಓದಿದ್ದಾ?"

"ಹೌದು ಸರ್. ಮನೆಗೆ ಹತ್ತಿರ ಅದೇ."

"ಕರ್ನಾಟಕದಲ್ಲಿ ಏಳು ವರ್ಷವಾದರೂ ಓದಿರಬೇಕಲ್ಲ ಮಾರಾಯ್ತಿ. ನಿನ್ನದು ಎರಡೇ ಉಂಟು."

ಕಾಸರಗೋಡಿನ ಕನ್ನಡಿಗರಿಗೆ ಬೇರೆ ಅವಕಾಶ ಉಂಟಂತೆ. ಆದರೆ ನಮ್ಮ ಮನೆ ಇರುವುದು ಗಡಿಯ ಈಚೆಗೆ. ಕೇರಳದ ಸೀಟು ಕೇಳೋಣವೆಂದರೆ ನಾನು ಅಲ್ಲಿಯವಳಲ್ಲ. ಅತ್ತ ದರಿ, ಇತ್ತ ಪುಲಿ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅವರ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತಾ ನಿಂತಿದ್ದೆ.

ಸರ್ ನಿಯಮದ ಪುಸ್ತಕವನ್ನು ಮತ್ತೊಮ್ಮೆ ಓದಿದರು. ಇನ್ನೊಂದು ದಾರಿ ಇತ್ತು. ಪಿಯುಸಿಯ ಎರಡು ವರ್ಷ ಇಲ್ಲಿ ಓದಿ, ತಂದೆ ತಾಯಿಯಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಸಾಕು. ಅವರು ಓದಿದ ಶಾಲೆಯಿಂದ ಸರ್ಟಿಫಿಕೇಟ್ ತಂದು ಬಿಇಒ ಕಚೇರಿಯ ಸಹಿ ಹಾಕಿಸಬೇಕು.

"ಅಮ್ಮ ಏಳನೇ ಪಾಸ್ ಸರ್. ಬೆಳ್ತಂಗಡಿ ಹತ್ತಿರದ ಶಾಲೆ."

"ಹಾಗಾದರೆ ಮುಗೀತು. ನಾಳೆಯೇ ಹೋಗಿ ತಾ."

ಅಮ್ಮ ಏಳನೇ ಪಾಸ್ ಎನ್ನುವುದು ನಮ್ಮ ಮನೆಯಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವಷ್ಟು ಗಟ್ಟಿ ಮಾತು. ಬೀಡಿ ಕಟ್ಟುವ ಹೆಂಗಸರಲ್ಲಿ ಕಾಗದ ಪತ್ರ ಓದಿ ಹೇಳುತ್ತಿದ್ದುದು ಅವಳೇ. ನನಗೆ ಅಕ್ಷರ, ಮಗ್ಗಿ, ಭಾಗಾಕಾರ ಕಲಿಸಿದ್ದೂ ಅವಳೇ, ಮಡಿಲಲ್ಲಿ ಬೀಡಿಯ ಮೊರ ಇಟ್ಟುಕೊಂಡು. ರಾತ್ರಿ ಫೋನಿನಲ್ಲಿ ಅವಳಿಗೆ ವಿಷಯ ಹೇಳಿದೆ.

"ಅದಕ್ಕೆ ಕಾಗದವೇ ಬೇಕಾ?" ಎಂದು ಕೇಳಿದಳು.

"ಬೇಕು."

"ಆಗಲಿ. ಹೋಗುವ."

ಮರುದಿನ ಬಿ.ಸಿ.ರೋಡಿನಲ್ಲಿ ನಾವಿಬ್ಬರೂ ಸೇರಿದೆವು. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಕೈಯಲ್ಲಿ ಒಂದು ಚಿಪ್ಪು ಕದಳಿ ಬಾಳೆಹಣ್ಣು, ಟೀಚರಿಗೆ ಕೊಡಲಿಕ್ಕಂತೆ. ಬೆಳ್ತಂಗಡಿಯ ಬಸ್ಸಿನಲ್ಲಿ ನಾನು ಹಾಸ್ಟೆಲ್ ಬಗ್ಗೆ, ಬಿಳಿ ಕೋಟಿನ ಬಗ್ಗೆ ಏನೇನೋ ಹೇಳುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಹ್ಞೂಂ ಎನ್ನುತ್ತಿದ್ದಳು. ಪುಂಜಾಲಕಟ್ಟೆ ದಾಟಿದ ಮೇಲೆ ಅದೂ ನಿಂತಿತು. ಬಸ್ಸಿನ ಪ್ರಯಾಣ ಅವಳಿಗೆ ಆಗುವುದಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ನಮ್ಮನ್ನು ಕೂರಿಸಿ, ಕಪಾಟಿನ ತಳದಿಂದ ಹಳೆಯ ದಾಖಲಾತಿ ಪುಸ್ತಕ ತೆಗೆಸಿ, ಬಟ್ಟೆಯಿಂದ ಒರೆಸಿದರು. ಅಮ್ಮನ ಹೆಸರು ಬೇಗ ಸಿಕ್ಕಿತು. ಅವರು ಬೆರಳಿಟ್ಟು ಅಡ್ಡಕ್ಕೆ ಓದುತ್ತಾ ಹೋದರು. ಹುಟ್ಟಿದ ದಿನ, ಅಜ್ಜನ ಹೆಸರು, ಸೇರಿದ ತರಗತಿ. ಆಮೇಲೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಐದನೇ ತರಗತಿ ತೇರ್ಗಡೆ. ಶಾಲೆ ಬಿಟ್ಟ ಕಾರಣ: ಬರುತ್ತಿಲ್ಲ.

ನಾನು ಅಮ್ಮನನ್ನು ನೋಡಲಿಲ್ಲ. ನಾನು ಆರನೇ ತರಗತಿಗೆ ಸೇರಿದ ವರ್ಷ ಅವಳು ನನ್ನ ಪುಸ್ತಕವನ್ನು ಬದಿಗಿಟ್ಟು, "ದೊಡ್ಡವಳಾದೆ, ಇನ್ನು ನೀನೇ ಓದು" ಎಂದದ್ದು ನೆನಪಾಯಿತು. ಆಗ ನನಗೆ ಬಹಳ ಹೆಮ್ಮೆಯಾಗಿತ್ತು.

"ಟೀಚರ್," ಎಂದಳು ಅಮ್ಮ. "ಆರು ಮತ್ತು ಏಳು ನಾನು ಮನೆಯಲ್ಲಿ ಓದಿದ್ದೇನೆ. ತಮ್ಮನ ಪುಸ್ತಕ ಇತ್ತು, ಬೀಡಿ ಕಟ್ಟುತ್ತಾ ಓದುತ್ತಿದ್ದೆ. ಪದ್ಯ ಎಲ್ಲ ಬಾಯಿಪಾಠ ಉಂಟು. ಕೇಳಿ ನೋಡಿ ಬೇಕಾದರೆ."

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಓದಿದ್ದೀರಿ ಅಂತ ನನಗೆ ಗೊತ್ತಾಗುತ್ತದೆ ಅಮ್ಮ. ಆದರೆ ಬಿಇಒ ಕಚೇರಿಯವರು ರಿಜಿಸ್ಟರ್ ತೆಗೆದು ನೋಡ್ತಾರೆ. ಇದರಲ್ಲಿ ಇಲ್ಲದ್ದನ್ನು ನಾನು ಹೇಗೆ ಬರೆಯುವುದು?"

ಅಮ್ಮ ಹಣ್ಣಿನ ಚಿಪ್ಪನ್ನು ಮೇಜಿನ ಮೇಲಿಟ್ಟಳು. ಅವರು ಬೇಡವೆಂದರು. ಮಕ್ಕಳಿಗೆ ಕೊಡಿ ಎಂದು ಹೇಳಿ ಅಲ್ಲಿಯೇ ಬಿಟ್ಟು ಹೊರಗೆ ಬಂದಳು.

ಬಸ್ಸಿಗೆ ಕಾಯುವಾಗ ಅವಳೇ ಹೇಳಿದಳು. ಹೆಣ್ಣು ನೋಡಲು ಬಂದಾಗ ಐದು ಎಂದರೆ ಕಡಿಮೆಯಾಗುತ್ತದೆ ಎಂದು ಅವಳ ಸೋದರಮಾವ ಏಳು ಎಂದರಂತೆ. ಆಗ ಎಲ್ಲರೂ ಒಂದೆರಡು ಕೂಡಿಸಿಯೇ ಹೇಳುವುದು. ಅಪ್ಪ ಕೂಡ ಎಸ್ಸೆಸ್ಸೆಲ್ಸಿ ಎಂದಿದ್ದರು, ನೋಡಿದರೆ ಒಂಬತ್ತು. ಆಮೇಲೆ ಹೇಳಿ ಹೇಳಿ ಅವಳಿಗೂ ಏಳೇ ಎಂದಾಗಿಬಿಟ್ಟಿತ್ತು.

"ನಿನ್ನೆ ಫೋನಿನಲ್ಲಿ ಹೇಳಬಹುದಿತ್ತಲ್ಲ," ಎಂದೆ.

"ಆ ಪುಸ್ತಕ ಗೆದ್ದಲು ತಿಂದಿರಬಹುದು ಅಂತ ಗ್ರಹಿಸಿದೆ ಮಗಾ."

ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ನಾಲ್ಕು ಮಾತು ಬೈದು ಮುಗಿಯುತ್ತಿತ್ತು. ಬಿ.ಸಿ.ರೋಡಿನಲ್ಲಿ ಇಳಿದಾಗ ಚಾ ಕುಡಿಯುವಾ ಎಂದು ಅವಳು ಕೇಳಿದಳು. ಬೇಡ ಎಂದು ಮೂಡುಬಿದಿರೆಯ ಬಸ್ಸು ಹತ್ತಿದೆ. ಹಾಸ್ಟೆಲಿಗೆ ಹೋಗಿ, ಕೈಕಾಲು ತೊಳೆದು, ಊಟಕ್ಕೆ ಕುಳಿತು, ಬಡಿಸಿದ್ದನ್ನೆಲ್ಲ ತಿಂದೆ. ಯಾವುದಕ್ಕೂ ಉಪ್ಪು ಹುಳಿ ಗೊತ್ತಾಗಲಿಲ್ಲ. ಅಮ್ಮನನ್ನು ಆ ಸೀರೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಬಿಟ್ಟು ಬಂದೆ ಎನ್ನುವುದು ತಲೆಗೆ ಬಂದದ್ದು ಎಷ್ಟೋ ದಿನದ ನಂತರ.

ಈಗ ಮೆಲ್ಕಾರಿನ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತೇನೆ. ಕೈ ಹಗುರ ಉಂಟು ಎನ್ನುತ್ತಾರೆ. ಕೆಲವರು ಬಾಯಿತಪ್ಪಿ ಡಾಕ್ಟ್ರೇ ಎಂದು ಕರೆಯುತ್ತಾರೆ, ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಕನ್ಯಾನದಿಂದ ಮಕ್ಕಳು ಯಾರಾದರೂ ಬಂದು ಮೆಡಿಕಲ್ ಸೀಟಿಗೆ ಏನೇನು ಬೇಕು ಅಕ್ಕ ಎಂದು ಕೇಳಿದರೆ, ಮೊದಲು ನೀನು ಓದಿದ ಶಾಲೆ ಸಂಕದ ಯಾವ ಬದಿಯಲ್ಲಿ ಎಂದು ಕೇಳುತ್ತೇನೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ.

ಮನೆಯಲ್ಲಿ ಆ ದಿನದ ಮಾತು ಯಾರೂ ಎತ್ತಲಿಲ್ಲ. ಕಳೆದ ತಿಂಗಳು ಅಮ್ಮ ತನ್ನ ಮಹಿಳಾ ಸಂಘದ ಅರ್ಜಿಯೊಂದನ್ನು ತಂದು ತುಂಬಿಸಿಕೊಡು ಎಂದಳು. ಹೆಸರು, ವಯಸ್ಸು, ಮನೆಯ ವಿಳಾಸ ಬರೆದೆ. ವಿದ್ಯಾಭ್ಯಾಸ ಎಂಬ ಜಾಗದಲ್ಲಿ ಕೇಳದೆಯೇ ಏಳನೇ ತರಗತಿ ಎಂದು ಬರೆದು ಅವಳ ಮುಂದಿಟ್ಟೆ. ಅವಳು ಮೊರವನ್ನು ಕೆಳಗಿಟ್ಟು, ಬೆರಳಿಟ್ಟು ಮೇಲಿನಿಂದ ಓದಿಕೊಂಡು ಬಂದಳು. ಆ ಸಾಲಿನ ಮೇಲೆ ಬೆರಳು ನಿಂತಿತು.

"ಐದು ಅಂತ ಬರೆ," ಎಂದಳು.

"ಇರಲಿ ಅಮ್ಮ. ಇದನ್ನು ಯಾರು ನೋಡ್ತಾರೆ?"

"ನೋಡ್ತಾರೆ ಮಗಾ. ಇವತ್ತಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ, ಯಾರಾದರೂ ತೆಗೆದು ನೋಡ್ತಾರೆ."

ನಾನು ಏಳರ ಮೇಲೆ ಗೀಟು ಹಾಕಿ ಐದು ಎಂದು ಬರೆದೆ.