ಅಕಲು, ನಕಲು

ಇಸ್ಲಾಮಿನ ಧರ್ಮಪಾಠ ಹೇಳುತ್ತಿದ್ದ ಮೇಷ್ಟ್ರ ಅಸಲಿ ಹೆಸರು ಆ ಶಾಲೆಯಲ್ಲಿ ಯಾರ ಬಾಯಲ್ಲೂ ಉಳಿದಿರಲಿಲ್ಲ. ಅಕಲು ಮೇಷ್ಟ್ರು ಅಂದರೆ ಸಾಕು, ಗೇಟಿನ ಕಾವಲುಗಾರ ಹಿಂದುಗಡೆಯ ಕೋಣೆಗೆ ಕೈ ತೋರಿಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವರ ವಾಸ ಅಲ್ಲೇ: ಒಂದು ಮಂಚ, ಒಂದು ಸ್ಟವ್, ಸೂರಿನವರೆಗೆ ಅರಬ್ಬಿ ಪುಸ್ತಕಗಳು, ಎರಡು ಕುರ್ಚಿ. ಎರಡನೆಯದು ತಮ್ಮನಿಗೆ. ಅವನು ಅದೇ ಶಾಲೆಯ ಸೆಕ್ರೆಟರಿ. ಸಂಜೆ ಬಂದು ಒಂದು ಲೋಟ ಚಹಾ ಕುಡಿದು, ಅಣ್ಣನನ್ನು ನಾಲ್ಕು ಮಾತು ಗೇಲಿ ಮಾಡಿ ಹೋಗುತ್ತಿದ್ದ. ಇಡೀ ದಿನದಲ್ಲಿ ಮೇಷ್ಟ್ರನ್ನು ಏಕವಚನದಲ್ಲಿ ಮಾತನಾಡಿಸುವ ಜೀವ ಅದೊಂದೇ. ಆ ಹೊತ್ತಿಗಾಗಿ ಅವರು ಮಧ್ಯಾಹ್ನದಿಂದಲೇ ಕಾಯುತ್ತಿದ್ದರು. ಹೇಳಿಕೊಳ್ಳಲು ಮಾತ್ರ ಬಿಗುಮಾನ.

ಹೊಸ ಮಕ್ಕಳು ಬಂದ ದಿನ ಅವರ ಪಾಠ ಯಾವಾಗಲೂ ಒಂದೇ. ಬೋರ್ಡಿನ ಮೇಲೆ ‘ಅಕಲು’, ‘ನಕಲು’ ಎಂದು ಬರೆಯುವುದು, ಎರಡನೆಯ ಪದ ನೋಡಿ ಮಕ್ಕಳು ಕಿಸಕ್ಕನೆ ನಗುವುದು.

“ಕಾಪಿ ಹೊಡೆಯೋದಲ್ರೋ!” ಎಂದು ಮೇಷ್ಟ್ರು ಗದರುವುದು. “ಅರಬ್ಬಿಯಲ್ಲಿ ಅಕಲು ಅಂದ್ರೆ ಬುದ್ಧಿ. ನಕಲು ಅಂದ್ರೆ ದೇವರಿಂದ ಪ್ರವಾದಿಗೆ ಇಳಿದು, ಬಾಯಿಂದ ಬಾಯಿಗೆ ನಮ್ಮ ತನಕ ಬಂದ ಮಾತು. ಈಗ ಹೇಳಿ, ಆ ಮಾತು ಇಳಿಯೋಕೆ ಮುಂಚೆ ಸುಳ್ಳು ತಪ್ಪು ಅಂತ ಮನುಷ್ಯನಿಗೆ ಗೊತ್ತಿತ್ತಾ?”

ಬುದ್ಧಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂದು ಹಳೆಯ ಪಂಡಿತರಲ್ಲಿ ಒಂದು ಪಕ್ಷ. ಮೇಲಿನ ಮಾತು ಬರುವ ತನಕ ತೀರ್ಪು ಕೊಡಲು ಬುದ್ಧಿ ಯಾರು ಎಂದು ಇನ್ನೊಂದು. ಮೇಷ್ಟ್ರು ಎರಡೂ ಕಡೆ ತಲೆಯಾಡಿಸಿಕೊಂಡೇ ತಲೆ ನೆರೆಸಿಕೊಂಡಿದ್ದರು. “ಅಣ್ಣ, ನೀನು ಯಾವ ಪಾರ್ಟಿ?” ಎಂದು ತಮ್ಮ ಕೆಣಕಿದರೆ ಲೋಟ ತೊಳೆಯಲು ಎದ್ದುಬಿಡುತ್ತಿದ್ದರು.

ಶಾಲೆಗೆ ಸರ್ಕಾರದ ಅನುದಾನ ಬರುತ್ತಿದ್ದದ್ದು ತಲೆ ಲೆಕ್ಕದಲ್ಲಿ. ಆದರೆ ರಿಜಿಸ್ಟರಿನಲ್ಲಿದ್ದಷ್ಟು ತಲೆಗಳೇ ಇರಲಿಲ್ಲ. ಅರ್ಧಕ್ಕರ್ಧ ಬೆಂಚು ಖಾಲಿ ಹೊಡೆಯುವುದು ಮೇಷ್ಟ್ರಿಗೆ ಕಾಣದ ಸಂಗತಿಯೇನಲ್ಲ. ತಮ್ಮನ ಮನೆಯ ಮೇಲೆದ್ದ ಹೊಸ ಮಹಡಿಯೂ ಕಂಡಿತ್ತು. ಕೇಳಿದರೆ ಸಂಜೆಯ ಚಹಾ ತಪ್ಪೀತೆಂದು ಕೇಳಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಒಂದು ವ್ಯಾನು ಬಂತು. ಯಾವುದೋ ಟ್ಯೂಷನ್ನಿನ ಮಕ್ಕಳು, ಮೈಗೆ ಹೊಂದದ ಯೂನಿಫಾರ್ಮ್ ತೊಟ್ಟು, ಪಿಳಿಪಿಳಿ ಕಣ್ಣು ಬಿಡುತ್ತ ಬೆಂಚು ತುಂಬಿದರು.

“ಅಣ್ಣ, ನೀನು ಏನೂ ಹೇಳೋದು ಬೇಡ. ಸುಮ್ನೆ ಪಾಠ ಮಾಡು,” ಎಂದ ತಮ್ಮ.

“ಆಯ್ತು ಕಣೋ.”

ಎದುರಿಗೆ ಹೊಸ ಮುಖಗಳು. ಕೈ ತನ್ನ ಪಾಡಿಗೆ ಸೀಮೆಸುಣ್ಣ ಎತ್ತಿಕೊಂಡು ಎರಡು ಪದ ಬರೆಯಿತು. ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ತಪಾಸಣೆಯ ಅಧಿಕಾರಿ ಬಾಗಿಲಲ್ಲಿ ನಿಂತು, ಬೋರ್ಡು ನೋಡಿ, ಜೋರಾಗಿ ಓದಿದರು.

“ನಕಲು? ಏನಿದು?”

ಪಕ್ಕದಲ್ಲಿದ್ದ ತಮ್ಮನ ಮುಖ ಹುಳ್ಳಗಾಯಿತು. “ಅಣ್ಣ, ನೀನೇ ಕೈಕೊಟ್ಯಾ? ಮೇಡಂ, ಈ ಮಕ್ಕಳನ್ನ ಇವತ್ತೊಂದು ದಿನಕ್ಕೆ ಅಂತ ಕರ್ಕೊಂಡು ಬಂದಿದ್ದು ಅಷ್ಟೇ…” ಆಕೆ ಕೇಳಿದ್ದು ಆ ಪದದ ಅರ್ಥವನ್ನು. ಸಿಕ್ಕಿದ್ದು ಕೇಳದೇ ಇದ್ದ ಪ್ರಶ್ನೆಗಳಿಗೆಲ್ಲ ಉತ್ತರ.

ಅನುದಾನ ನಿಂತಿತು, ಕೇಸಾಯಿತು, ತರಗತಿಗಳಿಗೆ ಬೀಗ ಬಿತ್ತು. ಹಿಂದಿನ ಕೋಣೆಯಲ್ಲಿ ಮೇಷ್ಟ್ರೊಬ್ಬರೇ ಉಳಿದರು. ಸಂಜೆ ಅಭ್ಯಾಸ ತಪ್ಪದೆ ಇಬ್ಬರಿಗಾಗುವಷ್ಟು ಚಹಾ ಕಾಯಿಸಿ, ಎರಡೂ ಲೋಟ ತಾವೇ ಕುಡಿಯುತ್ತಿದ್ದರು. ಹೆಂಡತಿ ಹೋದಾಗಲೂ ಇಂಥ ಒಂಟಿತನ ಅವರನ್ನು ಹೀಗೆ ಹಿಂಡಿರಲಿಲ್ಲ. ಕೊನೆಗೆ ತಡೆಯಲಾರದೆ ತಮ್ಮನ ಮನೆಗೆ ಹೋದರು. ತಮ್ಮನ ಹೆಂಡತಿ ಬಾಗಿಲು ತೆರೆದಳು, ಬನ್ನಿ ಎನ್ನಲಿಲ್ಲ. ಅವನೇ ಹೊಸ್ತಿಲಿಗೆ ಬಂದ. ಇಳಿದುಹೋಗಿದ್ದ.

“ನಿನ್ನ ಪಾಠ ನಂಗೂ ಗೊತ್ತಣ್ಣ. ಹೆದರಿ ಬಾಯಿಬಿಟ್ಟಿದ್ದು ನಾನೇ. ಅಭ್ಯಾಸಬಲದಿಂದ ಬರೆದೆ ಅಂತ ಒಂದು ಮಾತು ಹೇಳು. ಒಳಗೆ ಬಾ, ಚಹಾ ಕುಡಿ.”

ಅದನ್ನು ಹೇಳಲೆಂದೇ ಮೇಷ್ಟ್ರು ಬಂದಿದ್ದರು. ಅರ್ಧ ನಿಜವೂ ಹೌದು. ಆದರೆ ಬರೆದು ಮುಗಿಸಿ ಆ ದೊಗಲೆ ಯೂನಿಫಾರ್ಮುಗಳ ಕಡೆ ತಿರುಗಿದಾಗ, ಆ ಪದ ಹೇಗೆ ಓದಿಸಿಕೊಳ್ಳುತ್ತದೆ ಎಂದು ತಟ್ಟನೆ ಹೊಳೆದಿತ್ತು. ಕುರ್‌ಆನಿನ ಒಂದು ಸಾಲೂ ನೆನಪಿಗೆ ಬಂದಿರಲಿಲ್ಲ, ಯಾವ ಪಂಡಿತನೂ ಅಡ್ಡ ಬಂದಿರಲಿಲ್ಲ. ಈ ಸುಳ್ಳು ತಪ್ಪೆಂದು ಸುಮ್ಮನೆ ಗೊತ್ತಾಗಿತ್ತು. ಡಸ್ಟರು ಕೈಯಲ್ಲೇ ಇತ್ತು.

“ಬರೆಯೋವಾಗ ಅಭ್ಯಾಸ ಕಣೋ,” ಎಂದರು. “ಬರೆದ ಮೇಲೆ ತಾನಾಗೇ ಗೊತ್ತಾಯ್ತು. ಅಳಿಸಲಿಲ್ಲ.”

ತಮ್ಮ ಹೊಸ್ತಿಲಿನಿಂದ ಒಳಗೆ ಸರಿದ.

“ಅಂತೂ ಒಂದು ಪಾರ್ಟಿ ಸೇರಿದೆ ಬಿಡಣ್ಣ,” ಎಂದು ಬಾಗಿಲು ಹಾಕಿಕೊಂಡ.